ಹೋಳಿಗೆ ಮತ್ತು ಸಾಸಿವೆ: ದೊಡ್ಡ ಗೆಕೋ, ಪುಟ್ಟ ಗೆಕೋ ಒಂದೇ ಟ್ಯಾಂಕಲ್ಲಿ ಯಾಕೆ ಬೇಡ

ಕನ್ನಡ ಕೂಟದ ಊಟವಿರಲಿ, ಮಕ್ಕಳ ಬರ್ತ್‌ಡೇ ಇರಲಿ, ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಲೆಪರ್ಡ್ ಗೆಕೋ ಅನ್ನುವ ಸಾಕುಹಲ್ಲಿಯ ಬಗ್ಗೆ ಇದೇ ಪ್ರಶ್ನೆ ಕೇಳುತ್ತಾರೆ. "ನಮ್ಮನೇಲಿ ದೊಡ್ಡ ಲೆಪರ್ಡ್ ಗೆಕೋ ಒಂದಿದೆ. ಮಗಳು ಹಠ ಹಿಡಿದಳು ಅಂತ ಒಂದು ಮರಿ ತಂದ್ವಿ. ಎರಡನ್ನೂ ಒಂದೇ ಟ್ಯಾಂಕಲ್ಲಿ ಬಿಡಬಹುದಲ್ವಾ?"

ಬೇಡ ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಇನ್ನೊಂದು ಟ್ಯಾಂಕ್, ಇನ್ನೊಂದು ಹೀಟ್ ಮ್ಯಾಟ್, ಮನೆಯಲ್ಲಿ ಇನ್ನಷ್ಟು ಜಾಗ. ಆಮೇಲೆ ಫೋನ್ ತೆಗೆದು ಫೋಟೋ ತೋರಿಸುತ್ತಾರೆ. "ಜಗಳ ಏನೂ ಇಲ್ಲ ಕಣ್ರೀ, ನೋಡಿ, ಒಂದರ ಮೇಲೊಂದು ಮಲಗಿವೆ." ಆ ಫೋಟೋ ನೋಡಿದಾಗಲೇ ನನಗೆ ಜಾಸ್ತಿ ಚಿಂತೆ ಶುರುವಾಗುವುದು. ಯಾಕೆ ಅಂತ ಊಟದ ಸಾಲಿನಲ್ಲಿ ನಿಂತು ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರದ ನೋವೈ ಊರಿನಲ್ಲಿ. ಹುಟ್ಟಿದ್ದು ತಿಪಟೂರಿನಲ್ಲಿ. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡಿ, ಸ್ನಾನಕ್ಕೆ ಕಳಿಸುವ ಮನೆ ನಮ್ಮದು. ಇಲ್ಲಿ ನನ್ನ ಹತ್ತಿರ ಈಗ ಹಲವು ಗೆಕೋಗಳಿವೆ. ಪ್ರತಿಯೊಂದಕ್ಕೂ ಅದರದೇ ಟ್ಯಾಂಕ್. ಸಾಕಲಾರದೆ ಯಾರಾದರೂ ಬಿಟ್ಟುಕೊಟ್ಟರೆ ತಂದು ಚೇತರಿಸಿಕೊಳ್ಳುವವರೆಗೆ ನೋಡಿಕೊಳ್ಳುತ್ತೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಲೆಪರ್ಡ್ ಗೆಕೋ ನಮ್ಮ ಗೋಡೆಯ ಹಲ್ಲಿಯ ದೂರದ ನೆಂಟ. ಆದರೆ ಗೋಡೆ ಹತ್ತುವುದಿಲ್ಲ. ಅದರ ಬೆರಳಿನಲ್ಲಿ ಅಂಟಿಕೊಳ್ಳುವ ಪಟ್ಟಿ ಇಲ್ಲ, ಉಗುರು ಮಾತ್ರ ಇದೆ. ಕಣ್ಣಿಗೆ ರೆಪ್ಪೆ ಇದೆ, ಮುಚ್ಚಿ ತೆರೆಯುತ್ತದೆ. ಪಾಕಿಸ್ತಾನ, ಅಫ್ಘಾನಿಸ್ತಾನ, ಭಾರತದ ವಾಯವ್ಯ ಭಾಗದ ಒಣ ಕಲ್ಲುಗುಡ್ಡಗಳು ಇದರ ತವರು. 1854ರಲ್ಲಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಎಡ್ವರ್ಡ್ ಬ್ಲೈತ್, ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು. ಅವರಿಗೆ ಸಿಕ್ಕಿದ್ದು ಪಂಜಾಬಿನ ಸಾಲ್ಟ್ ರೇಂಜ್ ಬೆಟ್ಟಗಳ ಗೆಕೋ. ಇವತ್ತು ಅಮೆರಿಕದ ಮನೆಗಳಲ್ಲಿ ಇರುವವು ಹೆಚ್ಚುಕಮ್ಮಿ ಎಲ್ಲವೂ ಸಾಕಿದ ಗೆಕೋಗಳಿಗೇ ಹುಟ್ಟಿದವು. ಚೆನ್ನಾಗಿ ನೋಡಿಕೊಂಡರೆ 15–20 ವರ್ಷ ಬದುಕುತ್ತವೆ.

ಮೊಟ್ಟೆಯಿಂದ ಬಂದ ಮರಿ ಸುಮಾರು 3 ಗ್ರಾಂ ತೂಗುತ್ತದೆ. ಬೆಳೆದದ್ದು 50ರಿಂದ 80 ಗ್ರಾಂ. ಮನುಷ್ಯರ ಲೆಕ್ಕದಲ್ಲಿ ಎರಡೂ ಅಂಗೈ ಮೇಲೆ ಕೂರುವ ಪುಟ್ಟ ಪ್ರಾಣಿಗಳೇ. ಅವುಗಳ ಲೆಕ್ಕದಲ್ಲಿ ಈ ಅಂತರ ಬಹಳ ದೊಡ್ಡದು. ಎದುರಿಗೆ ಓಡಾಡುವ, ಬಾಯಿಗೆ ಹಿಡಿಸುವ ಯಾವ ಜೀವವಾದರೂ ದೊಡ್ಡ ಗೆಕೋಗೆ ಊಟವೇ. ಆಗಷ್ಟೇ ಹುಟ್ಟಿದ ಮರಿಗೂ ಇದೇ ಮಾತು. ತಾಯಿ ಮರಿಗಳನ್ನು ಸಾಕುವ ಪದ್ಧತಿ ಈ ಜಾತಿಯಲ್ಲಿ ಇಲ್ಲ. ಮೊಟ್ಟೆ ಇಟ್ಟು ಮಣ್ಣು ಮುಚ್ಚಿದರೆ ಅವಳ ಕೆಲಸ ಮುಗಿಯಿತು.

ಈಗ ಹೋಳಿಗೆ, ಸಾಸಿವೆ ವಿಷಯಕ್ಕೆ ಬರುತ್ತೇನೆ.

ಗೆಳತಿಯೊಬ್ಬಳು ಡಿಸೆಂಬರ್ ರಜೆಗೆ ಕುಟುಂಬದ ಜೊತೆ ಊರಿಗೆ ಹೊರಟಳು. ಟ್ಯಾಂಕನ್ನು ನಮ್ಮ ಮನೆಯಲ್ಲಿ ಇಟ್ಟು ಹೋದಳು. ಅದರೊಳಗೆ ಎರಡು ಗೆಕೋ. ದೊಡ್ಡದರ ಹೆಸರು ಹೋಳಿಗೆ, ಮೈ ತುಂಬಿಕೊಂಡ ಹೆಣ್ಣು, 62 ಗ್ರಾಂ. ಬಾಲ ದಪ್ಪಗಿತ್ತು, ಬಣ್ಣ ಒಳ್ಳೆ ಹಳದಿ. ಸಾಸಿವೆ ಐದು ತಿಂಗಳ ಮರಿ, 14 ಗ್ರಾಂ. ಆ ವಯಸ್ಸಿಗೆ ಅದು ಕಡಿಮೆ. "ಎರಡೂ ಹೆಣ್ಣು, ಒಟ್ಟಿಗೆ ಬಿಟ್ಟರೆ ಏನೂ ಆಗಲ್ಲ" ಅಂತ ಮರಿ ಕೊಟ್ಟ ಅಂಗಡಿಯವರು ಹೇಳಿದ್ದರಂತೆ. ಗೆಳತಿಗೂ ಮಗಳಿಗೂ ಆ ಜೋಡಿ ಮೇಲೆ ತುಂಬಾ ಪ್ರೀತಿ. ಬೇರೆ ಮಾಡಿದರೆ ಒಂದಕ್ಕೊಂದು ಹಂಬಲಿಸುತ್ತವೆ ಅಂತ ಆ ಹುಡುಗಿ ನನಗೆ ಹೇಳಿಯೇ ಹೋಗಿದ್ದಳು.

ಅದೇ ಸಮಯಕ್ಕೆ ಅಮ್ಮ ತಿಪಟೂರಿನಿಂದ ಬಂದಿಳಿದಿದ್ದರು. ಮೊದಲ ದಿನಗಳಲ್ಲಿ ಅವರಿಗೆ ರಾತ್ರಿ ನಿದ್ದೆಯೇ ಬರಲಿಲ್ಲ. ನಡುರಾತ್ರಿ ಎದ್ದು, ಶಾಲು ಹೊದ್ದು, ಹಾಲ್‌ನಲ್ಲಿ ಕೂತಿರುತ್ತಿದ್ದರು. ಲೆಪರ್ಡ್ ಗೆಕೋ ಹಗಲು ಮಲಗಿ, ಮುಸ್ಸಂಜೆಯಿಂದ ಓಡಾಡುವ ಪ್ರಾಣಿ. ಅವುಗಳ ನಿಜವಾದ ದಿನಚರಿ ನಾವು ಮಲಗಿದ ಮೇಲೆ ನಡೆಯುತ್ತದೆ. ಮನೆಯಲ್ಲಿ ಅದನ್ನು ಪೂರ್ತಿ ನೋಡಿದವರು ಅಮ್ಮ ಒಬ್ಬರೇ.

ಬೆಳಗ್ಗೆ ಕಾಫಿ ಕುಡಿಯುತ್ತಾ ಹೇಳಿದರು. "ಆ ದೊಡ್ಡದು ಗೂಡಿನ ಬಾಗಿಲಲ್ಲೇ ಕೂತಿರುತ್ತೆ ಕಣೇ. ಚಿಕ್ಕದು ಹತ್ತಿರ ಬರುತ್ತೆ, ನೋಡುತ್ತೆ, ಹಂಗೇ ವಾಪಸ್ ಹೋಗುತ್ತೆ. ರಾತ್ರಿಯೆಲ್ಲ ಇದೇ ಆಯ್ತು."

"ಕಚ್ಚುತ್ತಾ ಅಮ್ಮ?"

"ಇಲ್ಲಪ್ಪ. ಏನೂ ಮಾಡಲ್ಲ. ಸುಮ್ನೆ ಕೂತಿರುತ್ತೆ. ಬಾಲ ಮಾತ್ರ ನಿಧಾನಕ್ಕೆ ಆಡಿಸುತ್ತೆ."

ನಾನು ಹೇಳಬೇಕಾದ್ದೆಲ್ಲ ಆ ಮಾತಿನಲ್ಲೇ ಇದೆ. ದೊಡ್ಡದು ಕಚ್ಚಬೇಕಿಲ್ಲ. ದಾರಿಗೆ ಅಡ್ಡ ಕೂತರೆ ಸಾಕು. ನಿಧಾನಕ್ಕೆ ತೊನೆಯುವ ಬಾಲ ಒಂದು ಎಚ್ಚರಿಕೆ. ಪುಟ್ಟದಕ್ಕೆ ಅದು ಅರ್ಥವಾಗುತ್ತದೆ, ಹಿಂದೆ ಸರಿಯುತ್ತದೆ. ಹೊರಗಿನಿಂದ ನೋಡುವ ನಮಗೆ ಮನೆ ಶಾಂತವಾಗಿದೆ ಅನ್ನಿಸುತ್ತದೆ.

ಗೂಡಿನ ಬಾಗಿಲು ಯಾಕೆ ಅಷ್ಟು ಮುಖ್ಯ? ಅದು ಬಿಸಿಯ ಗೂಡು. ಗೆಕೋ ನಮ್ಮ ಹಾಗೆ ಒಳಗಿಂದ ಶಾಖ ಮಾಡಿಕೊಳ್ಳುವುದಿಲ್ಲ, ಹೊರಗಿನಿಂದ ತೆಗೆದುಕೊಳ್ಳಬೇಕು. ಟ್ಯಾಂಕಿನ ಒಂದು ಬದಿಯ ನೆಲ 32–34 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 22–25 ಡಿಗ್ರಿ ಇರುವ ಹಾಗೆ ಇಡುತ್ತೇವೆ. ತಿಂದ ಮೇಲೆ ಬಿಸಿ ಜಾಗಕ್ಕೆ ಹೋಗಿ ಹೊಟ್ಟೆ ಊರಿ ಮಲಗುತ್ತದೆ. ಆಗ ತಿಂದದ್ದು ಕರಗುತ್ತದೆ. ಬಿಸಿ ಸಿಗದಿದ್ದರೆ ತಿಂದದ್ದು ಹೊಟ್ಟೆಯಲ್ಲೇ ಕೂರುತ್ತದೆ, ಕೆಲವೊಮ್ಮೆ ವಾಂತಿಯಾಗುತ್ತದೆ. ಹಸಿವೂ ಕಮ್ಮಿಯಾಗುತ್ತದೆ. ಹಸಿವು ಕಮ್ಮಿಯಾದರೆ ಬೆಳವಣಿಗೆ ನಿಲ್ಲುತ್ತದೆ. ಬೆಳೆಯದ ಮರಿ ದೊಡ್ಡದಕ್ಕೆ ಇನ್ನಷ್ಟು ಹೆದರುತ್ತದೆ, ಬಿಸಿಯಿಂದ ಇನ್ನಷ್ಟು ದೂರ ಉಳಿಯುತ್ತದೆ. ಹೀಗೆ ಒಂದೇ ಸುತ್ತು. ಸಣ್ಣದು ಸಣ್ಣದಾಗಿಯೇ ಉಳಿಯುತ್ತದೆ, ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಒಂದೇ ಸಲ ಹುಟ್ಟಿದ, ಒಂದೇ ತೂಕದ ಮರಿಗಳನ್ನು ಒಟ್ಟಿಗೆ ಬಿಟ್ಟರೂ ಸ್ವಲ್ಪ ದಿನಕ್ಕೆ ಒಂದು ಮುಂದೆ, ಒಂದು ಹಿಂದೆ ಆಗುವುದು ಇದಕ್ಕೇ.

ಒಂದರ ಮೇಲೊಂದು ಮಲಗುವ ಫೋಟೋ ಬಗ್ಗೆ ಈಗ ಹೇಳಬಹುದು. ಬಿಸಿ ಜಾಗ ಒಂದೇ ಇದೆ, ಇಬ್ಬರಿಗೂ ಬೇಕು. ಒಬ್ಬರು ಮೊದಲು ಹೋಗಿ ಮಲಗಿದ್ದಾರೆ, ಇನ್ನೊಬ್ಬರು ಮೇಲೆ ಹತ್ತಿದ್ದಾರೆ. ಅದು ಪ್ರೀತಿಯಲ್ಲ, ಜಾಗದ ಪೈಪೋಟಿ. ಪ್ರೀತಿ ಅಂದುಕೊಳ್ಳುವುದು ನಮ್ಮ ಮನಸ್ಸಿನ ಒಳ್ಳೆಯತನ. ಆದರೆ ಅದರ ಬೆಲೆ ತೆರುವುದು ಆ ಪುಟ್ಟ ಗೆಕೋ.

"ಹಾಗಾದ್ರೆ ಎರಡು ಗೂಡು ಇಟ್ಟರಾಯ್ತಲ್ವಾ?" ಇದೂ ಕೇಳುವ ಪ್ರಶ್ನೆಯೇ. ಇಲ್ಲಿ ಜಾಸ್ತಿ ಜನ ಕೊಳ್ಳುವ 20 ಗ್ಯಾಲನ್ ಉದ್ದದ ಟ್ಯಾಂಕ್ ಸುಮಾರು 75 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಮೂರನೇ ಒಂದು ಭಾಗ ಬಿಸಿ ಅಂದರೆ 25 ಸೆಂಟಿಮೀಟರ್. ಅಷ್ಟರೊಳಗೆ ಎರಡು ಗೂಡು ಇಟ್ಟರೆ ಎರಡರ ಬಾಗಿಲೂ ಒಂದೇ ಗೆಕೋದ ಕಣ್ಣಳತೆಯಲ್ಲಿ ಇರುತ್ತವೆ. 22 ಸೆಂಟಿಮೀಟರ್ ಉದ್ದದ ಹೋಳಿಗೆಗೆ ಎರಡನ್ನೂ ಕಾಯುವುದು ಕಷ್ಟವಲ್ಲ. ಬೆಳೆದ ಗೆಕೋ ಒಂದಕ್ಕೇ ಈಗ 40 ಗ್ಯಾಲನ್ ಟ್ಯಾಂಕ್ ಒಳ್ಳೆಯದು ಅಂತ ಅನುಭವಸ್ಥರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಕಾಡಿನಲ್ಲಿ ಒಂದೇ ಬಂಡೆಯಡಿ ಹಲವು ಗೆಕೋ ಇರುತ್ತವಂತಲ್ಲ ಅಂತ ಓದಿಕೊಂಡವರು ಕೇಳುತ್ತಾರೆ. ಇರಬಹುದು. ಆದರೆ ಅಲ್ಲಿ ಬೇಡವಾದವನು ಎದ್ದು ಇನ್ನೊಂದು ಬಂಡೆಗೆ ಹೋಗುತ್ತಾನೆ. ನಮ್ಮೂರ ಮನೆಯ ಟ್ಯೂಬ್‌ಲೈಟ್ ಹತ್ತಿರ ನೋಡಿಲ್ವಾ? ದಪ್ಪ ಹಲ್ಲಿ ಒಂದು ಲೈಟಿನ ಪಕ್ಕದ ಒಳ್ಳೆ ಜಾಗ ಹಿಡಿದಿರುತ್ತದೆ. ಸಣ್ಣದು ಹತ್ತಿರ ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಸಣ್ಣದು ಓಡಿ ಗಡಿಯಾರದ ಹಿಂದೆ ಸೇರುತ್ತದೆ, ಅಲ್ಲಿಂದ ಜಂತಿ, ಅಲ್ಲಿಂದ ಅಡುಗೆಮನೆ. ಅದಕ್ಕೆ ಇಡೀ ಮನೆ ಇದೆ. ಸಾಸಿವೆಗೆ ಇದ್ದದ್ದು ನಾಲ್ಕು ಗಾಜು.

ಊಟದ ವಿಷಯದಲ್ಲೂ ಹೀಗೆಯೇ. ಮರಿಗೆ ದಿನಾ ಪುಟ್ಟ ಹುಳ ಬೇಕು. ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ದೊಡ್ಡ ಹುಳ ಸಾಕು. ಹುಳದ ಅಗಲ ಗೆಕೋದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಜಾಸ್ತಿ ಇರಬಾರದು. ಒಂದೇ ಟ್ಯಾಂಕಿಗೆ ಹುಳ ಬಿಟ್ಟರೆ ಮರಿಯ ಪಾಲನ್ನೂ ಹೋಳಿಗೆಯೇ ಮುಗಿಸುತ್ತಿದ್ದಳು. ದೊಡ್ಡ ಕ್ರಿಕೆಟ್ ಹುಳ ಉಳಿದರೆ ಮರಿ ತಿನ್ನಲಾರದು. ರಾತ್ರಿ ಆ ಹುಳಗಳೇ ಮರಿಯನ್ನು ಕಚ್ಚುತ್ತವೆ. ಹುಳಕ್ಕೆ ನಾವು ಕ್ಯಾಲ್ಸಿಯಂ ಮತ್ತು ಡಿ3 ವಿಟಮಿನ್ ಪುಡಿ ಹಚ್ಚಿ ಕೊಡುತ್ತೇವೆ. ಯಾರ ಹೊಟ್ಟೆಗೆ ಎಷ್ಟು ಹೋಯಿತು ಅಂತ ಲೆಕ್ಕ ಇಡಲು ಆಗುವುದಿಲ್ಲ. ಬೆಳೆಯುವ ಮರಿಗೆ ಕ್ಯಾಲ್ಸಿಯಂ ಸಾಲದಿದ್ದರೆ ಮೂಳೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದ ಕಾಲು ಮತ್ತೆ ನೆಟ್ಟಗಾಗುವುದು ಕಷ್ಟ.

ಊಟದ ಹೊತ್ತಿನಲ್ಲೇ ಅಪಘಾತಗಳೂ ಆಗುವುದು. ಹುಳದ ಹಿಂದೆ ನುಗ್ಗಿದ ದೊಡ್ಡ ಗೆಕೋ ಪಕ್ಕದಲ್ಲಿ ಅಲುಗಿದ ಕಾಲ್ಬೆರಳನ್ನೋ ಬಾಲವನ್ನೋ ಹಿಡಿದುಬಿಡುತ್ತದೆ. ಹೆದರಿದ ಮರಿ ಬಾಲ ಕಳಚುತ್ತದೆ. ಗೆಕೋದ ಬಾಲ ಅಂದರೆ ಬರೀ ಅಲಂಕಾರವಲ್ಲ, ಕೊಬ್ಬಿನ ಉಗ್ರಾಣ. ಊಟ ಸಿಗದ ದಿನಕ್ಕೆ ಇಟ್ಟುಕೊಂಡದ್ದೆಲ್ಲ ಅಲ್ಲೇ ಇರುತ್ತದೆ. ಮೊದಲೇ ಅರೆಹೊಟ್ಟೆಯ ಮರಿ ಅದನ್ನೂ ಕಳೆದುಕೊಂಡರೆ ಎಷ್ಟು ಕಷ್ಟ ಯೋಚಿಸಿ. ಬಾಲ ಮತ್ತೆ ಬೆಳೆಯುತ್ತದೆ, ಹೌದು. ಆದರೆ ಒಳಗೆ ಮೂಳೆ ಇರುವುದಿಲ್ಲ, ಮೃದ್ವಸ್ಥಿ ಮಾತ್ರ. ಮೇಲಿನ ಉಂಗುರಗಳು ಹೋಗಿ ಮೊಂಡಾಗಿ, ನುಣ್ಣಗೆ ಬರುತ್ತದೆ. ನನ್ನ ಹತ್ತಿರ ಬಂದು ಚೇತರಿಸಿಕೊಂಡವುಗಳಲ್ಲಿ ಅಂಥ ಬಾಲದವು ಇವೆ. ಕೇಳಿದರೆ ಹಿಂದಿನ ಮನೆಯಲ್ಲಿ ಜೊತೆಗೆ ಇನ್ನೊಂದು ಗೆಕೋ ಇತ್ತು ಅಂತ ಗೊತ್ತಾಗುತ್ತದೆ.

"ಎರಡೂ ಹೆಣ್ಣು" ಅನ್ನುವ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಎರಡು ಗಂಡು ಒಟ್ಟಿಗೆ ಬಿಟ್ಟರೆ ರಕ್ತ ಬರುವ ಹಾಗೆ ಕಾದಾಡುತ್ತವೆ, ಇದು ಎಲ್ಲರಿಗೂ ಗೊತ್ತು. ಆದ್ದರಿಂದ ಹೆಣ್ಣು ಅಂದರೆ ನಿಶ್ಚಿಂತೆ ಅಂದುಕೊಳ್ಳುತ್ತಾರೆ. ಆದರೆ 14 ಗ್ರಾಂ ಮರಿ ಗಂಡೋ ಹೆಣ್ಣೋ ಅಂತ ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳುವುದು ಕಷ್ಟ. ಗಂಡಿಗೆ ಹಿಂಗಾಲುಗಳ ನಡುವೆ ತಲೆಕೆಳಗಾದ ವಿ ಆಕಾರದಲ್ಲಿ ಸಣ್ಣ ರಂಧ್ರಗಳ ಸಾಲು, ಬಾಲದ ಬುಡದಲ್ಲಿ ಎರಡು ಉಬ್ಬು ಬರುತ್ತವೆ. ಅವು ಕಾಣಿಸುವುದು ಸ್ವಲ್ಪ ಬೆಳೆದ ಮೇಲೆಯೇ.

ಮತ್ತೆ ಅಂಗಡಿಯವರು ಯಾವ ಆಧಾರದ ಮೇಲೆ ಹೆಣ್ಣು ಅನ್ನುತ್ತಾರೆ? ಈ ಗೆಕೋಗಳಲ್ಲಿ ಗಂಡು ಹೆಣ್ಣು ತೀರ್ಮಾನವಾಗುವುದು ಮೊಟ್ಟೆಗೆ ಸಿಕ್ಕ ಕಾವಿನಿಂದ. ಸುಮಾರು 26 ಡಿಗ್ರಿಯಲ್ಲಿ ಇಟ್ಟರೆ ಬಹುಪಾಲು ಹೆಣ್ಣು. 32.5 ಡಿಗ್ರಿ ಹತ್ತಿರ ಬಹುಪಾಲು ಗಂಡು. 34 ದಾಟಿದರೆ ಮತ್ತೆ ಹೆಚ್ಚಾಗಿ ಹೆಣ್ಣು. ಬಹುಪಾಲು ಅಂದರೆ ಎಲ್ಲವೂ ಅಲ್ಲ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನಲ್ಲಿ ಡೇವಿಡ್ ಕ್ರೂಸ್ ಅವರ ಪ್ರಯೋಗಾಲಯ ಈ ಪ್ರಾಣಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕಾವು ಸ್ವಭಾವವನ್ನೂ ತಿದ್ದುತ್ತದೆ ಅಂತ ಅವರು ತೋರಿಸಿದರು. ಜಾಸ್ತಿ ಕಾವಿನಲ್ಲಿ ಹುಟ್ಟಿದ ಹೆಣ್ಣು, ಕಡಿಮೆ ಕಾವಿನ ಹೆಣ್ಣಿಗಿಂತ ಮುಂಗೋಪಿ. ಅಂದರೆ ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಸಾಧು ಅಂತ ನಂಬುವ ಹಾಗಿಲ್ಲ.

ಸಾಸಿವೆ 30 ಗ್ರಾಂ ದಾಟಿದ ಮೇಲೆ ಗೆಳತಿ ಒಂದು ಫೋಟೋ ಕಳಿಸಿದಳು. ರಂಧ್ರಗಳ ಸಾಲು ಸ್ಪಷ್ಟವಾಗಿತ್ತು. ಗಂಡು. ಅಷ್ಟರಲ್ಲಿ ಇಬ್ಬರೂ ಬೇರೆ ಬೇರೆ ಇದ್ದದ್ದರಿಂದ ಹೋಳಿಗೆ ಉಳಿದುಕೊಂಡಳು. ಇಲ್ಲದಿದ್ದರೆ ಗಂಡು ವರ್ಷ ತುಂಬುವ ಮೊದಲೇ ಅವಳ ಬೆನ್ನು ಬೀಳುತ್ತಿತ್ತು. ಒಂದು ಸಲಕ್ಕೆ ಎರಡು ಮೊಟ್ಟೆ, ಒಂದು ಋತುವಿನಲ್ಲಿ ಹಲವು ಸಲ. ಪ್ರತಿ ಮೊಟ್ಟೆಗೂ ಮೈಯ ಕ್ಯಾಲ್ಸಿಯಂ ಹೋಗುತ್ತದೆ. ಯಾರೂ ಯೋಚಿಸದೆ ಆಗುವ ಬಸಿರು ಹೆಣ್ಣು ಗೆಕೋದ ಆಯಸ್ಸನ್ನೇ ತಿನ್ನುತ್ತದೆ.

ರೋಗದ ಮಾತು. ಲೆಪರ್ಡ್ ಗೆಕೋ ಟ್ಯಾಂಕಿನ ಒಂದು ಮೂಲೆಯನ್ನೇ ಹಿಕ್ಕೆಗೆ ಆರಿಸಿಕೊಳ್ಳುತ್ತದೆ. ಒಳ್ಳೆ ಅಭ್ಯಾಸ. ಇಬ್ಬರಿದ್ದಾಗ ಒಂದೇ ಮೂಲೆಯಲ್ಲಿ ಎರಡರದ್ದೂ ಬಿದ್ದಿರುತ್ತದೆ. ನೀರಾಗಿ ಹೋಗಿದ್ದು ಯಾರು, ಎರಡು ದಿನದಿಂದ ಹೋಗದೇ ಇರುವುದು ಯಾರು, ಗೊತ್ತಾಗುವುದಿಲ್ಲ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಪರಾವಲಂಬಿ ಗೆಕೋಗಳ ದೊಡ್ಡ ಶತ್ರು. ಹಿಕ್ಕೆಯಿಂದ ಹರಡುತ್ತದೆ. ಬಂದರೆ ಪ್ರಾಣಿ ತಿಂದರೂ ಸೊರಗುತ್ತದೆ, ಬಾಲ ಕಡ್ಡಿಯಾಗುತ್ತದೆ. ನಂಬಿಕೊಳ್ಳಬಹುದಾದ ಔಷಧಿ ಇಲ್ಲ. ಮಾಮೂಲಿ ಬ್ಲೀಚ್‌ಗೂ ಅದು ಸುಲಭವಾಗಿ ಸಾಯುವುದಿಲ್ಲ. ಅದಕ್ಕೇ ಹೊಸ ಗೆಕೋ ತಂದರೆ ಬೇರೆ ಕೋಣೆಯಲ್ಲಿ, ಪೇಪರ್ ಟವೆಲ್ ಹಾಸಿದ ಡಬ್ಬಿಯಲ್ಲಿ ಮೂರು ತಿಂಗಳು ಇಟ್ಟು, ಹಿಕ್ಕೆ ಪರೀಕ್ಷೆ ಮಾಡಿಸಬೇಕು. ಹಳೆಯದಕ್ಕೆ ಊಟ ಹಾಕಿದ ಮೇಲೆಯೇ ಹೊಸದರ ಕೆಲಸ, ನಡುವೆ ಕೈ ತೊಳೆಯಬೇಕು. ಗೆಕೋಗಳಿಂದ ನಮಗೆ ಸಾಲ್ಮೊನೆಲ್ಲಾ ಬರಬಹುದಾದ್ದರಿಂದ ಮಕ್ಕಳಿಗೆ ಕೈ ತೊಳೆಯುವ ಅಭ್ಯಾಸ ಹೇಗೂ ಬೇಕು.

ಅಮ್ಮ ಆ ಗೂಡಿನ ಬಾಗಿಲಿನ ಮಾತು ಹೇಳಿದ ದಿನವೇ ಗೆಳತಿಗೆ ಫೋನ್ ಮಾಡಿ ಕೇಳಿದೆ. ಬೇರೆ ಮಾಡು ಅಂದಳು. ಸಾಸಿವೆಗೆ ಹೊಸ ಟ್ಯಾಂಕ್ ಕೊಳ್ಳಲಿಲ್ಲ. ಬಟ್ಟೆ ಇಡುವ ಪ್ಲಾಸ್ಟಿಕ್ ಡಬ್ಬಿಯ ಪಕ್ಕಕ್ಕೆ ಗಾಳಿಗೆ ತೂತು ಮಾಡಿದೆ. ಅಡಿಯಲ್ಲಿ ಮೂರನೇ ಒಂದು ಭಾಗಕ್ಕೆ ಹೀಟ್ ಮ್ಯಾಟ್, ಅದಕ್ಕೆ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಲೇಬೇಡಿ. ಅದು ಹೊಟ್ಟೆ ಸುಡುವಷ್ಟು ಕಾಯುತ್ತದೆ. ಬಿಸಿ ಬದಿಗೊಂದು ಗೂಡು, ತಂಪು ಬದಿಗೊಂದು ಗೂಡು. ನಡುವೆ ಮುಚ್ಚಳಕ್ಕೆ ತೂತು ಕೊರೆದ ಮೊಸರಿನ ಡಬ್ಬಿ, ಒಳಗೆ ಒದ್ದೆ ಟಿಶ್ಯೂ. ಪೊರೆ ಬಿಡುವಾಗ ಆ ತೇವ ಬೇಕು. ಇಲ್ಲದಿದ್ದರೆ ಬೆರಳ ತುದಿಯಲ್ಲಿ ಪೊರೆ ಸಿಕ್ಕಿಕೊಂಡು, ಬಿಗಿದು, ಬೆರಳೇ ಉದುರುತ್ತದೆ. ಮಿಷಿಗನ್ ಚಳಿಗಾಲದಲ್ಲಿ ಮನೆಯ ಹೀಟಿಂಗ್ ಗಾಳಿಯನ್ನು ಒಣಗಿಸಿಬಿಡುವುದರಿಂದ ಇಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ.

ಟ್ಯಾಂಕಿನ ಮಧ್ಯೆ ತಡಿಕೆ ಹಾಕಿ ಇಬ್ಬರನ್ನೂ ಇಡುವವರಿದ್ದಾರೆ. ನನಗೆ ಇಷ್ಟವಿಲ್ಲ. ಬಿಸಿ ಬದಿ, ತಂಪು ಬದಿ ಎರಡೂ ಇಬ್ಬರಿಗೂ ಸರಿಯಾಗಿ ಸಿಗುವುದಿಲ್ಲ. ಜೊತೆಗೆ ದೊಡ್ಡದರ ವಾಸನೆ ಮರಿಗೆ ಹಗಲೂ ರಾತ್ರಿ ಬಡಿಯುತ್ತಲೇ ಇರುತ್ತದೆ.

ಡಬ್ಬಿಗೆ ಹೋದ ಮೊದಲ ರಾತ್ರಿ ಸಾಸಿವೆ ಬಿಸಿ ಗೂಡು ಸೇರಿ ಹೊರಗೇ ಬರಲಿಲ್ಲ ಅಂತ ಅಮ್ಮ ಹೇಳಿದರು. ಆಮೇಲೆ ಊಟ ಶುರುವಾಯಿತು. ಗೆಳತಿ ಬಂದು ಕರೆದುಕೊಂಡು ಹೋಗುವಾಗ ತೂಕ 19 ಗ್ರಾಂ. ಬಾಲಕ್ಕೆ ಸ್ವಲ್ಪ ಮೈ ಬಂದಿತ್ತು.

ಅವಳ ಮಗಳು ಕೇಳಿದ್ದು ಒಂದೇ. "ಆಂಟಿ, ಒಂದೇ ಇದ್ದರೆ ಅದಕ್ಕೆ ಬೇಜಾರಾಗಲ್ವಾ?" ತುಂಬು ಮನೆಗಳಲ್ಲಿ ಬೆಳೆದ ನಮ್ಮವರು ಎಲ್ಲರೂ ಕೇಳುವುದು ಇದನ್ನೇ, ಮತ್ತು ಇದು ಒಳ್ಳೆಯ ಪ್ರಶ್ನೆ. ನಾಯಿಗೆ, ಗಿಳಿಗೆ ಜೊತೆ ಬೇಕು. ಲೆಪರ್ಡ್ ಗೆಕೋ ಗುಂಪು ಕಟ್ಟಿ ಬೇಟೆಯಾಡುವುದಿಲ್ಲ, ಒಬ್ಬರಿಗೊಬ್ಬರು ಮೈ ನೆಕ್ಕಿ ಶುಚಿ ಮಾಡುವುದಿಲ್ಲ. ಅದಕ್ಕೆ ಬೇಕಾದ್ದು ಬಿಸಿ, ಕತ್ತಲ ಗೂಡು, ಹುಡುಕಿ ಹಿಡಿಯಲು ಹುಳ. ಬೇಜಾರು ಕಳೆಯಬೇಕು ಅಂದರೆ ಚಪ್ಪಟೆ ಕಲ್ಲು, ಮರದ ತೊಗಟೆ ತಂದಿಡಿ, ಆಗಾಗ ಜಾಗ ಬದಲಿಸಿ. ಎಷ್ಟು ಹೊತ್ತು ಮೂಸಿ ನೋಡುತ್ತದೆ ಅಂತ ನೀವೇ ನೋಡಿ. ಆ ಹುಡುಗಿ ಹಾಗೇ ಮಾಡುತ್ತಿದ್ದಾಳೆ.

ಹಲವು ಹೆಣ್ಣುಗಳನ್ನು ಒಟ್ಟಿಗೆ ಇಟ್ಟು ಮರಿ ಮಾಡಿಸುವವರು ಇದ್ದಾರಲ್ಲ ಅನ್ನಬಹುದು. ಅವರು ಸಮ ತೂಕದವನ್ನು ಆರಿಸುತ್ತಾರೆ, ದಿನಾ ನೋಡುತ್ತಾರೆ, ಹೆಚ್ಚುಕಮ್ಮಿಯಾದರೆ ಎತ್ತಿ ಹಾಕಲು ಖಾಲಿ ಡಬ್ಬಿ ಸಿದ್ಧವಾಗಿರುತ್ತದೆ. ಮನೆಯಲ್ಲಿ ಪ್ರೀತಿಗೆ ಸಾಕುವ ನಮಗೆ ಆ ಅಪಾಯ ತೆಗೆದುಕೊಳ್ಳಲು ಕಾರಣವೇ ಇಲ್ಲ.

ಈಗಾಗಲೇ ಎರಡನ್ನು ಒಟ್ಟಿಗೆ ಇಟ್ಟಿದ್ದೀರಾ? ಇವತ್ತು ಸಂಜೆಯೇ ಬೇರೆ ಮಾಡಿ. ಚಿಕ್ಕದನ್ನು ತೆಗೆದು ಹೊಸ ಡಬ್ಬಿಗೆ ಹಾಕಿ, ಬಿಸಿ ಸರಿಯಾಗಿದೆಯೇ ಅಂತ ಥರ್ಮಾಮೀಟರಿನಲ್ಲಿ ಮೊದಲು ನೋಡಿಕೊಳ್ಳಿ. ಗ್ರಾಂ ತೋರಿಸುವ ತಕ್ಕಡಿ ಒಂದನ್ನು ಇದಕ್ಕೇ ಇಟ್ಟುಕೊಂಡು ವಾರಕ್ಕೊಮ್ಮೆ ಎರಡನ್ನೂ ತೂಗಿ, ಬರೆದಿಡಿ. ಬೆರಳು, ಬಾಲ, ಮೂತಿ ಮೇಲೆ ಗಾಯ ಇದೆಯೇ ನೋಡಿ. ಬಿಸಿ, ಊಟ, ನೆಮ್ಮದಿ ಮೂರೂ ಸಿಕ್ಕಿಯೂ ಎರಡು ವಾರದಲ್ಲಿ ಮರಿಯ ತೂಕ ಏರದಿದ್ದರೆ, ಬಾಲ ಇನ್ನೂ ಸಣ್ಣಗಾಗುತ್ತಿದ್ದರೆ, ಸರೀಸೃಪ ನೋಡುವ ವೆಟ್ ಹತ್ತಿರ ಕರೆದುಕೊಂಡು ಹೋಗಿ. ಆ ತೂಕದ ಹಾಳೆ, ಜೊತೆಗೆ ಆ ದಿನದ ಹಿಕ್ಕೆಯನ್ನು ಸಣ್ಣ ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗುವುದನ್ನು ಮರೆಯಬೇಡಿ. ಅವರು ಮೊದಲು ಕೇಳುವುದು ಅದನ್ನೇ.